ಬೇಸಿಗೆಯಲ್ಲೂ ಕೆಂಪಾಗಿಯೇ ಅರಳಲಿ: ಪಾಲಿಹೌಸ್ ಗುಲಾಬಿಯಲ್ಲಿ ತಾಪಮಾನ ನಿಭಾಯಿಸುವ ಬಗೆ

ಏಪ್ರಿಲ್ ಬಂತೆಂದರೆ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರ, ಹೊಸೂರು ಕಡೆಯ ಪಾಲಿಹೌಸುಗಳಲ್ಲೆಲ್ಲ (ಪಾಲಿಥಿನ್ ಹಾಳೆ ಹೊದಿಸಿದ ಬೆಳೆಮನೆಗಳಲ್ಲಿ) ಒಂದೇ ಮಾತು. ಕೆಂಪು ಗುಲಾಬಿಗೆ ಕೆಂಪು ಬರುತ್ತಿಲ್ಲ, ಮೊಗ್ಗು ಸಣ್ಣದಾಗಿದೆ, ಕಡ್ಡಿ ಗಿಡ್ಡವಾಗಿದೆ, ಬೆಳಿಗ್ಗೆ ಕೊಯ್ದ ಹೂವು ಸಂಜೆಗೆ ಬಾಯಿ ಬಿಟ್ಟಿರುತ್ತದೆ. ಕೂಡಲೇ ಪೊಟ್ಯಾಷ್ ಹೆಚ್ಚಿಸುತ್ತಾರೆ, ಅಂಗಡಿಯವರು ಕೊಟ್ಟ ಟಾನಿಕ್ ಹೊಡೆಯುತ್ತಾರೆ. ದುಡ್ಡು ಹೋಗುತ್ತದೆ, ಬಣ್ಣ ಬರುವುದಿಲ್ಲ. ಗಿಡಕ್ಕೆ ಕೊರತೆಯಾಗಿರುವುದು ಗೊಬ್ಬರವಲ್ಲ, ತಂಪು. ಅದರಲ್ಲೂ ರಾತ್ರಿಯ ತಂಪು.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡಬೇಕು. ಇವತ್ತು ಕೊಯ್ಯುವ ಹೂವಿನಲ್ಲಿ ಕಾಣುವ ದೋಷ ಇವತ್ತಿನ ಬಿಸಿಲಿನದಲ್ಲ. ಎಸಳು ಎಷ್ಟಿರಬೇಕು ಎಂಬುದು ತಿಂಗಳ ಹಿಂದೆಯೇ ತೀರ್ಮಾನವಾಗಿರುತ್ತದೆ, ಬಣ್ಣ ಕಳೆದ ಹತ್ತು ದಿನಗಳಲ್ಲಿ ಕೂತಿರುತ್ತದೆ. ಹೂವು ಕೆಟ್ಟ ಮೇಲೆ ನೆರಳು ಪರದೆ ಎಳೆದರೆ ಆ ಹೂವಿಗೆ ಉಪಯೋಗವಿಲ್ಲ, ಮುಂದಿನ ಹೂವಿಗೆ ಮಾತ್ರ. ಹಾಗಾಗಿ ಯುಗಾದಿಯ ಬಿಸಿಲಿಗೆ ಸಿದ್ಧತೆ ಶಿವರಾತ್ರಿಗೆ ಮೊದಲೇ ಮುಗಿದಿರಬೇಕು. ಚಳಿ ಶಿವ ಶಿವಾ ಅಂತ ಓಡಿಹೋಗುವ ಆ ವಾರವೇ ಏಪ್ರಿಲ್ ಹೂವಿನ ಕುಡಿ ಒಡೆಯುವ ಸಮಯ.

ಗಿಡದೊಳಗೆ ನಡೆಯುವುದೇನು

ಹಗಲಿನಲ್ಲಿ ಎಲೆ ಸಕ್ಕರೆ ತಯಾರಿಸುತ್ತದೆ. ಹಗಲು–ರಾತ್ರಿ ಎರಡೂ ಹೊತ್ತು ಗಿಡ ಉಸಿರಾಡುತ್ತ ಅದನ್ನು ಖರ್ಚು ಮಾಡುತ್ತದೆ. ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟದ ಖರ್ಚು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ರಾತ್ರಿ 16 ಡಿಗ್ರಿ ಇದ್ದಾಗ ಒಂದು ಪಾಲು ಖರ್ಚಾದರೆ 26 ಡಿಗ್ರಿಯಲ್ಲಿ ಎರಡು ಪಾಲು. ಸಂಪಾದನೆ ಅಷ್ಟೇ, ಖರ್ಚು ಎರಡರಷ್ಟು. ಉಳಿತಾಯದಲ್ಲಿ ಬೆಳೆಯಬೇಕಾದ ಮೊಗ್ಗು ಸಣ್ಣದಾಗುತ್ತದೆ, ಕಡ್ಡಿ ತೆಳ್ಳಗಾಗುತ್ತದೆ.

ಕೆಂಪು, ಗುಲಾಬಿ, ನೇರಳೆ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ವರ್ಣದ್ರವ್ಯ. ಅದು ತಯಾರಾಗಲು ಸಕ್ಕರೆಯೂ ಬೇಕು, ತಂಪೂ ಬೇಕು. ಸೆಕೆ ಹೆಚ್ಚಾದರೆ ತಯಾರಿ ನಿಧಾನವಾಗುತ್ತದೆ, ಆಗಲೇ ತಯಾರಾದದ್ದು ಬೇಗ ಒಡೆಯುತ್ತದೆ. ಹಳದಿ, ಕಿತ್ತಳೆಗೆ ಮೂಲವಾದ ಕ್ಯಾರೊಟಿನಾಯ್ಡ್ ಇಷ್ಟು ನಾಜೂಕಲ್ಲ. ಚೆಂಡು ಹೂವು ಬಿರುಬಿಸಿಲಲ್ಲಿ ಗಾತ್ರ ಕಳೆದುಕೊಂಡರೂ ಹಳದಿ ಕಳೆದುಕೊಳ್ಳದಿರುವುದು ಇದರಿಂದ. ಹಳದಿ ಎಸಳಿಗೆ ಕೆಂಪು ಅಂಚಿರುವ ಗುಲಾಬಿ ತಳಿ ನಿಮ್ಮಲ್ಲಿದ್ದರೆ ಎರಡನ್ನೂ ಒಂದೇ ಹೂವಿನಲ್ಲಿ ನೋಡಬಹುದು: ಬೇಸಿಗೆಯಲ್ಲಿ ಹಳದಿ ಹಾಗೇ ಇರುತ್ತದೆ, ಅಂಚಿನ ಕೆಂಪು ತೆಳುವಾಗುತ್ತದೆ.

ಕಟ್ ಫ್ಲವರ್ ಗುಲಾಬಿಗೆ, ಅಂದರೆ ಉದ್ದ ಕಡ್ಡಿಯೊಡನೆ ಕೊಯ್ದು ಮಾರುವ ಗುಲಾಬಿಗೆ, ಹಿತವಾದ ಮಟ್ಟ ರಾತ್ರಿ 15ರಿಂದ 18, ಹಗಲು 24ರಿಂದ 28 ಡಿಗ್ರಿ. ಬೆಂಗಳೂರು ಸುತ್ತಲಿನ ಬಯಲು ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ವರ್ಷದ ಹೆಚ್ಚಿನ ರಾತ್ರಿಗಳು ಇದಕ್ಕೆ ಹತ್ತಿರ ಬರುತ್ತವೆ. ಆದರೆ ಇದು ತಂಪು ಊರು ಎಂದು ನಂಬಿ ಕೂರುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು ನಗರದಲ್ಲೇ 39.2 ಡಿಗ್ರಿ ದಾಖಲಾಗಿದೆ. ಇನ್ನು ಕರಾವಳಿಯಲ್ಲಿ ಏಪ್ರಿಲ್ ರಾತ್ರಿ 24 ಡಿಗ್ರಿಗಿಂತ ಕೆಳಗಿಳಿಯುವುದೇ ಕಷ್ಟ. ಹಗಲಿನ ಸೆಕೆಯನ್ನು ಪರದೆ, ತುಂತುರಿನಿಂದ ತಗ್ಗಿಸಬಹುದು. ತೇವ ತುಂಬಿದ ಬೆಚ್ಚನೆಯ ರಾತ್ರಿಯನ್ನು ಕಡಿಮೆ ಖರ್ಚಿನಲ್ಲಿ ತಂಪು ಮಾಡುವ ದಾರಿ ಇಲ್ಲ. ಅಲ್ಲಿ ಕಟ್ ಗುಲಾಬಿಗೆಂದು ಪಾಲಿಹೌಸ್ ಹಾಕಬೇಡಿ ಎಂಬುದೇ ನಮ್ಮ ಸಲಹೆ.

ಯಾವ ವಾರ ಏನು ತೀರ್ಮಾನವಾಗುತ್ತದೆ

ಕಡ್ಡಿ ಕತ್ತರಿಸಿದ ದಿನದಿಂದ ಮುಂದಿನ ಹೂವು ಕೊಯ್ಲಿಗೆ ಬರಲು ಬೇಸಿಗೆಯಲ್ಲಿ ಆರು ವಾರ, ಚಳಿಗಾಲದಲ್ಲಿ ಎಂಟು ವಾರ ಬೇಕು. ಮೊದಲ ಎರಡು–ಮೂರು ವಾರ ಹೊರಗಿನಿಂದ ನೋಡುವವರಿಗೆ ಬರೀ ಕೆಂಪು ಚಿಗುರು. ಒಳಗೆ ಮಾತ್ರ, ಚಿಗುರು ಇನ್ನೂ ಬೆರಳುದ್ದ ಆಗುವ ಮೊದಲೇ ತುದಿಯಲ್ಲಿ ಹೂವಿನ ಅಂಕುರ ಮೂಡಿ ಒಂದೊಂದೇ ಸುತ್ತಿನ ಎಸಳು ಹುಟ್ಟುತ್ತಿರುತ್ತದೆ. ಈ ಹಂತದಲ್ಲಿ ತಂಪಿದ್ದರೆ ಎಸಳು ಹೆಚ್ಚು, ಸೆಕೆಯಿದ್ದರೆ ಕಡಿಮೆ.

ಇದನ್ನು ಕಣ್ಣಾರೆ ನೋಡಿ. ಜನವರಿಯಲ್ಲೊಂದು, ಮೇ ತಿಂಗಳಲ್ಲೊಂದು, ಒಂದೇ ತಳಿಯ ಬಣ್ಣ ಕಂಡ ಮೊಗ್ಗನ್ನು ತೆಗೆದುಕೊಳ್ಳಿ. ಹೊಸ ಬ್ಲೇಡಿನಿಂದ ತೊಟ್ಟಿನಿಂದ ತುದಿಯವರೆಗೆ ಉದ್ದಕ್ಕೆ ಸೀಳಿ. ಜನವರಿಯ ಮೊಗ್ಗಿನಲ್ಲಿ ಎಸಳುಗಳು ಎಲೆಕೋಸಿನಂತೆ ಒತ್ತೊತ್ತಾಗಿ ಒಳಗಿನವರೆಗೂ ತುಂಬಿರುತ್ತವೆ, ನಡುವಿನ ಕೇಸರಗಳಿಗೆ ಜಾಗವೇ ಇರುವುದಿಲ್ಲ. ಮೇ ಮೊಗ್ಗಿನಲ್ಲಿ ಎಸಳಿನ ಪದರ ತೆಳ್ಳಗಿದ್ದು ನಡುವೆ ಹಳದಿ ಕೇಸರದ ಗೊಂಚಲು ಎದ್ದು ಕಾಣುತ್ತದೆ. ಅರಳಿದಾಗ ನಡು ಬೇಗ ತೆರೆದುಕೊಳ್ಳುವ ಹೂವು ಇದೇ. ಹೂದಾನಿಯಲ್ಲಿ ಎರಡು ದಿನ ಕಡಿಮೆ ಬಾಳುತ್ತದೆ ಎಂದು ವ್ಯಾಪಾರಿ ದೂರುವುದೂ ಇದನ್ನೇ. ಇನ್ನೊಂದು ಮೊಗ್ಗಿನ ಎಸಳುಗಳನ್ನು ಬಿಡಿಸಿ ಎಣಿಸಿ, ತಿಂಗಳು ಹಾಕಿ ಬರೆದಿಡಿ. ವರ್ಷದ ಲೆಕ್ಕ ಕೈಯಲ್ಲಿದ್ದರೆ ಯಾವ ತಳಿ ನಿಮ್ಮ ಜಾಗಕ್ಕೆ ಒಗ್ಗುತ್ತದೆ ಎಂದು ನರ್ಸರಿಯವರನ್ನು ಕೇಳಬೇಕಾಗಿಲ್ಲ.

ಮೂರು–ನಾಲ್ಕನೆಯ ವಾರ ಬಟಾಣಿ ಗಾತ್ರದ ಮೊಗ್ಗು ಕಾಣುತ್ತದೆ. ಅಲ್ಲಿಂದ ಕೊಯ್ಲಿನವರೆಗೆ ಕಡ್ಡಿ ಉದ್ದವಾಗುವುದು, ಮೊಗ್ಗು ಉಬ್ಬುವುದು. ಕಡೆಯ ಹತ್ತು ದಿನ ಬಣ್ಣ ಕೂರುವ ಕಾಲ. ಇಕ್ಕಟ್ಟಿನ ದಿನಗಳಲ್ಲಿ ನೀರು, ವಿದ್ಯುತ್ ಎಲ್ಲ ಬೆಳೆಗೂ ಸಾಲದಿದ್ದರೆ, ಚಿಗುರು ಬೆರಳುದ್ದ ಇರುವ ಮಡಿಗಳಿಗೂ ಬಣ್ಣ ಕಾಣತೊಡಗಿದ ಮಡಿಗಳಿಗೂ ಮೊದಲ ಆದ್ಯತೆ ಕೊಡಿ. ನಡುವಿನ ಹಂತದವು ಸ್ವಲ್ಪ ತಡೆದುಕೊಳ್ಳುತ್ತವೆ.

ಮೊದಲು ಸರಿಯಾಗಿ ಅಳೆಯಿರಿ

ಗೋಡೆಗೆ ನೇತುಹಾಕಿದ, ಬಿಸಿಲು ನೇರವಾಗಿ ಬೀಳುವ ಥರ್ಮಾಮೀಟರ್ ಗಾಳಿಯ ತಾಪವನ್ನು ತೋರಿಸುವುದಿಲ್ಲ, ತಾನೇ ಎಷ್ಟು ಕಾದಿದ್ದೇನೆ ಎಂದು ತೋರಿಸುತ್ತದೆ. ಅದನ್ನು ನಂಬಿ ಫಾಗರ್ (ನೀರನ್ನು ಮಂಜಿನಂತೆ ತುಂತುರಿಸುವ ಸಾಧನ) ಓಡಿಸಿದರೆ ನೀರು ದಂಡ, ರೋಗ ಲಾಭ.

ಹೀಗೆ ಮಾಡಿ. ಕನಿಷ್ಠ–ಗರಿಷ್ಠ ಎರಡನ್ನೂ ನೆನಪಿಡುವ, ವೈರಿನ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ತೆಗೆದುಕೊಳ್ಳಿ. ತೇವಾಂಶವನ್ನೂ ತೋರಿಸುವಂಥದ್ದಾದರೆ ಒಳ್ಳೆಯದು. ಏಳೆಂಟು ಬಿಳಿ ಪ್ಲಾಸ್ಟಿಕ್ ತಟ್ಟೆ ತಂದು, ಮೇಲಿನದೊಂದನ್ನು ಬಿಟ್ಟು ಉಳಿದವುಗಳ ನಡುವೆ ಅಂಗೈ ಅಗಲದ ತೂತು ಕೊರೆಯಿರಿ. ತಟ್ಟೆಗಳನ್ನು ಬೋರಲಾಗಿ, ಒಂದರ ಕೆಳಗೊಂದರಂತೆ ಎರಡು ಸೆಂಟಿಮೀಟರ್ ಸಂದು ಬಿಟ್ಟು ಮೂರು ಉದ್ದ ಬೋಲ್ಟಿಗೆ ಪೋಣಿಸಿ. ನಡುವಿನ ಪೊಳ್ಳಿನಲ್ಲಿ ಸೆನ್ಸರ್ ಇಳಿಬಿಡಿ. ಬಿಸಿಲು ತಟ್ಟುವುದಿಲ್ಲ, ಗಾಳಿ ಆಡುತ್ತದೆ. ಇದನ್ನು ಗಿಡದ ಕುಡಿಯ ಎತ್ತರಕ್ಕೆ ಸರಿಯಾಗಿ, ಪಾಲಿಹೌಸಿನ ನಡುಭಾಗದಲ್ಲಿ ತೂಗುಹಾಕಿ. ಗಿಡ ಬೆಳೆದಂತೆ ಇದೂ ಮೇಲೇರಲಿ. ಇನ್ನೊಂದನ್ನು ಪಡುವಣ ಅಂಚಿನ ಸಾಲಿನಲ್ಲಿಟ್ಟರೆ ಮಧ್ಯಾಹ್ನದ ನಂತರ ಆ ಸಾಲು ಎಷ್ಟು ಹೆಚ್ಚು ಕಾಯುತ್ತದೆ ಎಂದು ಗೊತ್ತಾಗುತ್ತದೆ.

ಬೆಳಿಗ್ಗೆ 8ಕ್ಕೆ ರಾತ್ರಿಯ ಕನಿಷ್ಠ, ಸಂಜೆ 5ಕ್ಕೆ ಹಗಲಿನ ಗರಿಷ್ಠ ಬರೆದುಕೊಂಡು ರೀಸೆಟ್ ಮಾಡಿ. ಇಷ್ಟೇ ಕೆಲಸ, ಆದರೆ ಒಂದು ದಿನವೂ ತಪ್ಪಬಾರದು.

ಬೇಸಿಗೆ: ಫೆಬ್ರವರಿ ಕೊನೆಯಿಂದ ಮೇ ತನಕ

ಮೊದಲ ಕೆಲಸ ಗಾಳಿಯ ದಾರಿ. ಪಕ್ಕದ ಕೀಟ ಪರದೆಗೆ ವರ್ಷವಿಡೀ ಧೂಳು, ಪಾಚಿ ಕಟ್ಟಿಕೊಂಡಿರುತ್ತದೆ. ದೂರದಿಂದ ಪರದೆ ತೆರೆದಂತೆಯೇ ಕಾಣುತ್ತದೆ, ಗಾಳಿ ಮಾತ್ರ ಒಳಬರುವುದಿಲ್ಲ. ಫೆಬ್ರವರಿಯಲ್ಲಿ ಒತ್ತಡದ ನೀರಿನಿಂದ ಒಳಗಿನಿಂದ ಹೊರಕ್ಕೆ ತೊಳೆಯಿರಿ. ಬೇರೆ ಯಾವ ಖರ್ಚಿಗೂ ಮೊದಲು ಇದನ್ನು ಮಾಡಿ. ಎಷ್ಟೋ ಪಾಲಿಹೌಸುಗಳಲ್ಲಿ ಅರ್ಧ ಸಮಸ್ಯೆ ಇಲ್ಲೇ ಇರುತ್ತದೆ.

ನೆರಳು ಪರದೆ ಶೇ. 35ರಿಂದ 50ರದ್ದು ಸಾಕು. ಬೆಳಿಗ್ಗೆ 11ರಿಂದ 3ರವರೆಗೆ ಎಳೆದು ಆಮೇಲೆ ಸರಿಸುವಂತಿರಬೇಕು. ಕಟ್ಟಿ ಬಿಟ್ಟ ಪರದೆ ಬಿಸಿಲಿನ ಜೊತೆಗೆ ಬೆಳಕನ್ನೂ ಕದಿಯುತ್ತದೆ. ಬೆಳಕು ಕಡಿಮೆಯಾದರೆ ಸಕ್ಕರೆ ಕಡಿಮೆ, ಸಕ್ಕರೆ ಕಡಿಮೆಯಾದರೆ ಬಣ್ಣವೂ ಕಡಿಮೆ. ಜೊತೆಗೆ ಮೊಗ್ಗಿಲ್ಲದ ಕುರುಡು ಚಿಗುರು ಹೆಚ್ಚುತ್ತದೆ. ತಂಪು ಮಾಡಲು ಹೋಗಿ ಅದೇ ದೋಷವನ್ನು ಇನ್ನೊಂದು ಬಾಗಿಲಿನಿಂದ ತಂದುಕೊಂಡಂತೆ. ಮುಂಗಾರಿನ ಮೋಡ ಕಟ್ಟಿದ ವಾರವೇ ಪರದೆಯನ್ನು ಪೂರ್ತಿ ಸುತ್ತಿಡಿ.

ಫಾಗರ್ ಯಾವಾಗ ಕೆಲಸ ಮಾಡುತ್ತದೆ ಎಂಬುದು ಗಾಳಿ ಎಷ್ಟು ಒಣಗಿದೆ ಎಂಬುದರ ಮೇಲೆ ನಿಂತಿದೆ. 35 ಡಿಗ್ರಿ, ಶೇ. 30 ತೇವಾಂಶ ಇರುವ ಏಪ್ರಿಲ್ ಮಧ್ಯಾಹ್ನದಲ್ಲಿ ನೀರು ಆವಿಯಾಗಿ ಗಾಳಿ ಇಳಿಯಬಹುದಾದ ಕಡೆಯ ಮಿತಿ ಸುಮಾರು 22 ಡಿಗ್ರಿ. ಅಷ್ಟಕ್ಕೆ ಯಾರಿಗೂ ಇಳಿಸಲಾಗುವುದಿಲ್ಲ, ಆದರೆ 5–6 ಡಿಗ್ರಿ ಇಳಿಸಲು ಬೇಕಾದ ಅವಕಾಶವಿದೆ. ಜುಲೈನಲ್ಲಿ 28 ಡಿಗ್ರಿ, ಶೇ. 85 ತೇವಾಂಶ ಇದ್ದರೆ ಆ ಮಿತಿ 26. ಎಷ್ಟು ನೀರು ತುಂತುರಿಸಿದರೂ ಎರಡು ಡಿಗ್ರಿಗಿಂತ ಹೆಚ್ಚು ಸಿಗುವುದಿಲ್ಲ, ಎಲೆ ಒದ್ದೆಯಾಗುವುದೊಂದೇ ಫಲ. ಆದ್ದರಿಂದ ತೇವಾಂಶ ಶೇ. 70 ದಾಟಿದರೆ ಫಾಗರ್ ನಿಲ್ಲಿಸಿ.

ಓಡಿಸುವಾಗಲೂ ಒಂದೇ ಸಮನೆ ಬೇಡ. 30ರಿಂದ 60 ಸೆಕೆಂಡು ಬಿಟ್ಟು 5ರಿಂದ 10 ನಿಮಿಷ ನಿಲ್ಲಿಸಿ. ಸರಿಯಾದ ಅವಧಿ ಕಂಡುಕೊಳ್ಳಲು ಎಲೆಯ ಎತ್ತರದಲ್ಲಿ ಒಂದು ಕನ್ನಡಿ ಚೂರನ್ನು ಅಡ್ಡಲಾಗಿ ಇಡಿ. ಒಂದು ಸುತ್ತು ಮುಗಿದ ಮೇಲೆ ಕನ್ನಡಿಯ ಮೇಲೆ ಹನಿ ಕೂತಿದ್ದರೆ ಅವಧಿ ಹೆಚ್ಚಾಯಿತು. ನೀರು ಗಾಳಿಯಲ್ಲೇ ಆರಿಹೋಗಬೇಕು, ಎಲೆ ಮುಟ್ಟಬಾರದು. ಸಂಜೆ 4ರ ನಂತರ ಫಾಗರ್ ಮುಟ್ಟಬೇಡಿ. ಕೋಲಾರ, ಚಿಕ್ಕಬಳ್ಳಾಪುರದ ಗಡಸು ಬೋರ್‌ವೆಲ್ ನೀರಾದರೆ ನಳಿಕೆ ಕಟ್ಟಿಕೊಳ್ಳುತ್ತದೆ, ಎಲೆಯ ಮೇಲೆ ಬಿಳಿ ಕಲೆ ಉಳಿಯುತ್ತದೆ. ಮಳೆನೀರಿನ ಹೊಂಡವಿದ್ದರೆ ಆ ನೀರನ್ನು ಡ್ರಿಪ್‌ಗಿಂತ ಮೊದಲು ಫಾಗರ್‌ಗೆ ಮೀಸಲಿಡಿ.

ಬೇರಿನ ತಾಪವನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೇರಿಗೆ 18ರಿಂದ 25 ಡಿಗ್ರಿ ಹಿತ. ಕರಿ ಡ್ರಿಪ್ ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನ ಕೈ ಸುಡುವಷ್ಟು ಬಿಸಿಯಾಗಿರುತ್ತದೆ. ಮೊದಲ ನಿಮಿಷದಲ್ಲಿ ಬೇರಿಗೆ ಬೀಳುವುದು ಅದೇ. ದಿನದ ನೀರನ್ನು ನಾಲ್ಕೈದು ಕಂತು ಮಾಡಿ, ಮೊದಲ ಕಂತು ಬೆಳಿಗ್ಗೆ 7ಕ್ಕೆ ಮೊದಲು ಕೊಡಿ. ಕಂತುಗಳ ನಡುವೆ ಬಹಳ ಹೊತ್ತು ಬಿಡದಿದ್ದರೆ ಪೈಪಿನ ನೀರು ಅಷ್ಟು ಕಾಯುವುದಿಲ್ಲ. ಮಡಿಯ ಮೇಲೆ ಮಲ್ಚಿಂಗ್ ಹಾಳೆ ಹಾಸಿದ್ದರೆ ಬಿಳಿ ಮುಖ ಮೇಲಿರಲಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಚೀಲದಲ್ಲಿ ಬೆಳೆಯುವವರು ಪಡುವಣ ಅಂಚಿನ ಸಾಲಿನ ಚೀಲಗಳಿಗೆ ಪ್ರತ್ಯೇಕ ನೆರಳು ಮಾಡಬೇಕು; ಮಣ್ಣಿಗಿರುವ ತಾಳಿಕೆ ಆ ಚೀಲಕ್ಕಿಲ್ಲ.

ರಾತ್ರಿಗೆ ಬರೋಣ. ಮಾರ್ಚ್‌ನಿಂದ ಮೇವರೆಗೆ ಸಂಜೆ 5ಕ್ಕೆ ಪಕ್ಕದ ಕರ್ಟನ್‌ಗಳನ್ನು ಪೂರ್ತಿ ಇಳಿಸಿ (ಇವು ಏರಿಸಿದಾಗ ಮುಚ್ಚುವಂಥವು), ರಾತ್ರಿಯಿಡೀ ತೆರೆದೇ ಬಿಡಿ. ಹಗಲು ಕಾದ ನೆಲ ಕತ್ತಲಾದ ಮೇಲೂ ಶಾಖ ಉಗುಳುತ್ತಿರುತ್ತದೆ, ಅದು ಹೊರಹೋಗಲು ದಾರಿ ಬೇಕು. ಚಳಿಗಾಲದ ಅಭ್ಯಾಸದಲ್ಲಿ ಕಾವಲುಗಾರ ಸಂಜೆ ಕರ್ಟನ್ ಏರಿಸಿಬಿಡುವುದು ಸಾಮಾನ್ಯ. ಹಾಗೆ ಮುಚ್ಚಿದ ಒಂದು ರಾತ್ರಿಯಲ್ಲಿ ಹೋಗುವ ಎರಡು–ಮೂರು ಡಿಗ್ರಿ ತಂಪನ್ನು ಮಾರನೆಯ ಹಗಲು ಯಾವ ಫಾಗರ್ ಕೂಡ ತಂದುಕೊಡುವುದಿಲ್ಲ. ತಾಪಮಾನದ ವಿಷಯದಲ್ಲಿ ಒಂದೇ ಒಂದು ಬದಲಾವಣೆ ಮಾಡುವುದಿದ್ದರೆ ಇದನ್ನು ಮಾಡಿ.

ಏಪ್ರಿಲ್‌ನಲ್ಲಿ ಗಿಡವನ್ನು ಬೋಳಾಗಿ ಸವರಬೇಡಿ. ಕತ್ತರಿಸದೆ ಕೆಳಕ್ಕೆ ಬಾಗಿಸಿಟ್ಟ ಕಡ್ಡಿಗಳ ಎಲೆಗಳು ನೀರು ಆವಿ ಮಾಡುತ್ತ ಸುತ್ತ ತಂಪಿಡುತ್ತವೆ, ಸಕ್ಕರೆಯನ್ನೂ ತಯಾರಿಸುತ್ತವೆ. ಪೆನ್ಸಿಲ್‌ಗಿಂತ ತೆಳ್ಳಗಿನ ಚಿಗುರುಗಳಲ್ಲಿ ಮೊಗ್ಗು ಬಟಾಣಿಯಷ್ಟಾದಾಗಲೇ ಚಿವುಟಿ ಬಾಗಿಸಿಬಿಡಿ. ಸಣ್ಣ ಹೂವು ಹತ್ತು ಕೊಯ್ದು ಮಾರುವುದಕ್ಕಿಂತ ಗಿಡದ ಬಲ ಜೂನ್‌ಗೆ ಉಳಿಯುವುದು ಮೇಲು.

ಸೆಕೆ ಕೀಟದ ಲೆಕ್ಕವನ್ನೂ ಬದಲಿಸುತ್ತದೆ. ಜೇಡ ನುಸಿ ಮೊಟ್ಟೆಯಿಂದ ಬಲಿತ ಹಂತಕ್ಕೆ ಬರಲು 20 ಡಿಗ್ರಿಯಲ್ಲಿ ಎರಡು ವಾರಕ್ಕೂ ಹೆಚ್ಚು ಬೇಕು, 30 ಡಿಗ್ರಿಯಲ್ಲಿ ಒಂದು ವಾರ ಸಾಕು. ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎಲೆಯಡಿ ನೋಡುತ್ತಿದ್ದವರು ಬೇಸಿಗೆಯಲ್ಲಿ ವಾರಕ್ಕೆರಡು ಸಲ ಭೂತಗನ್ನಡಿ ಹಿಡಿದು ನೋಡಬೇಕು.

ಚಳಿಗಾಲ: ತಂಪು ಅತಿಯಾದಾಗ

ಡಿಸೆಂಬರ್–ಜನವರಿಯ ಮಾಗಿ ಚಳಿಯಲ್ಲಿ ಹೂವು ದೊಡ್ಡದು, ಬಣ್ಣ ಗಾಢ. ಆದರೆ ರಾತ್ರಿ 12 ಡಿಗ್ರಿಗಿಂತ ಕೆಳಗಿಳಿಯುವ ದಿನಗಳು ಸಾಲಾಗಿ ಬಂದರೆ ಬೇರೆ ದೋಷಗಳು ತಲೆಯೆತ್ತುತ್ತವೆ.

ಒಂದು, ಚಪ್ಪಟೆ ತಲೆಯ ಮೊಗ್ಗು. ಎಸಳು ವಿಪರೀತ ಹುಟ್ಟಿ, ಚೂಪಾಗಿ ನಿಲ್ಲಬೇಕಾದ ಮೊಗ್ಗು ಮೇಲಿನಿಂದ ಒತ್ತಿದಂತೆ ಅಗಲವಾಗುತ್ತದೆ. ಬುಡದಿಂದ ಬಂದ ದಪ್ಪ ಚಿಗುರುಗಳಲ್ಲಿ ಇದು ಹೆಚ್ಚು. ಥ್ರಿಪ್ಸ್ ಎಂಬ ಸಣ್ಣ ಕೀಟ ಹತ್ತಿದರೂ ಮೊಗ್ಗು ಹೀಗೇ ಆಗುವುದುಂಟು. ಎಸಳು ಬಿಡಿಸಿದಾಗ ಅಂಚಿನಲ್ಲಿ ಕಂದು ಗೀರು ಕಂಡರೆ ಥ್ರಿಪ್ಸ್, ಸ್ವಚ್ಛವಾಗಿದ್ದರೆ ಚಳಿ. ಔಷಧಿ ಹೊಡೆಯುವ ಮೊದಲು ಇಷ್ಟು ನೋಡಿ.

ಇನ್ನೊಂದು, ಕೆಂಪು ತಳಿಗಳ ಹೊರ ಎಸಳಿನ ಅಂಚು ಕಪ್ಪಾಗುವುದು. ರಾತ್ರಿಯ ಕೊರೆತಕ್ಕೆ ವರ್ಣದ್ರವ್ಯ ಮಿತಿಮೀರಿ ತುಂಬಿ, ಹಗಲಿನ ನಿಚ್ಚಳ ಬಿಸಿಲಿನ ನೇರಳಾತೀತ ಕಿರಣವೂ ಸೇರಿ ಎಸಳು ಸುಟ್ಟಂತೆ ಕಾಣುತ್ತದೆ. ಇಲ್ಲಿ ಪಾಲಿಥಿನ್ ಹಾಳೆಯ ಗುಣ ಮುಖ್ಯ. "ಯುವಿ ಸ್ಟೆಬಿಲೈಸ್ಡ್" ಎಂದರೆ ಹಾಳೆ ಬಿಸಿಲಿಗೆ ಬೇಗ ಹರಿಯುವುದಿಲ್ಲ ಎಂದಷ್ಟೇ ಅರ್ಥ, ಆ ಕಿರಣವನ್ನು ತಡೆಯುತ್ತದೆ ಎಂದಲ್ಲ. ಕೆಂಪು ಗುಲಾಬಿಗೆ ತಡೆಯುವ ಹಾಳೆಯನ್ನೇ ಕೇಳಿ ಪಡೆಯಿರಿ.

ಚಳಿಗಾಲದಲ್ಲಿ ಕರ್ಟನ್ ಕ್ರಮ ತಿರುವುಮುರುವು. ಸಂಜೆ 4ಕ್ಕೇ ಮುಚ್ಚಿ, ಹಗಲಿನ ಶಾಖ ಒಳಗುಳಿಯಲಿ. ಬೆಳಿಗ್ಗೆ ಸೂರ್ಯ ಬಂದ ಕೂಡಲೇ ಮೇಲ್ಗಡೆ ಒಂದಡಿ ತೆರೆಯಿರಿ. ಬೆಳಗಿನ ಬಿಸಿಲಿಗೆ ಗಾಳಿ ಬೇಗ ಕಾಯುತ್ತದೆ, ದಪ್ಪ ಮೊಗ್ಗು ಮಾತ್ರ ಇನ್ನೂ ತಣ್ಣಗಿರುತ್ತದೆ. ಮುಚ್ಚಿದ ಪಾಲಿಹೌಸಿನ ತೇವವೆಲ್ಲ ತಣ್ಣನೆಯ ಚೊಂಬಿನ ಮೇಲೆ ಬೆವರು ಮೂಡುವಂತೆ ಮೊಗ್ಗಿನ ಮೇಲೆ ಕೂರುತ್ತದೆ. ಆ ಒದ್ದೆಯಲ್ಲಿ ಬೊಟ್ರೈಟಿಸ್ ಬೂಜಿನ ಬೀಜಕ ಮೊಳೆಯುತ್ತದೆ. ಎಸಳಿನ ಮೇಲೆ ಗುಂಡುಸೂಜಿ ತಲೆಯಷ್ಟು ಚುಕ್ಕೆಯಾಗಿ ಶುರುವಾಗಿ, ಪೆಟ್ಟಿಗೆಯಲ್ಲಿ ಪ್ಯಾಕ್ ಆದ ಮೇಲೆ ಇಡೀ ಮೊಗ್ಗನ್ನು ತಿನ್ನುತ್ತದೆ. ಒಂಬತ್ತಕ್ಕೆ ಬಂದು ಕರ್ಟನ್ ತೆರೆಯುವ ಆಳಿಗಿಂತ ಆರೂವರೆಗೆ ಬರುವ ಆಳು ಹೆಚ್ಚು ಹೂವು ಉಳಿಸುತ್ತಾನೆ.

ಫೆಬ್ರವರಿ 14ಕ್ಕೆ ದಿನ ಎಣಿಸುವುದು

ಪ್ರೇಮಿಗಳ ದಿನದ ಬೆಲೆ ಹಿಡಿಯಬೇಕಾದವರು ತಾಪಮಾನವನ್ನೇ ಕ್ಯಾಲೆಂಡರ್ ಮಾಡಿಕೊಳ್ಳಬೇಕು. ವಿಧಾನ ಸರಳ. ದಿನದ ಗರಿಷ್ಠ, ಕನಿಷ್ಠ ಕೂಡಿಸಿ ಎರಡರಿಂದ ಭಾಗಿಸಿ, ಅದರಿಂದ 5 ಕಳೆಯಿರಿ. 5 ಡಿಗ್ರಿಗಿಂತ ಕೆಳಗೆ ಗುಲಾಬಿ ಬೆಳೆಯುವುದಿಲ್ಲ ಎಂದು ಹಿಡಿದ ಲೆಕ್ಕ ಇದು. ಕತ್ತರಿಸಿದ ದಿನದಿಂದ ಕೊಯ್ಲಿನವರೆಗೆ ಬಂದ ಸಂಖ್ಯೆಗಳನ್ನೆಲ್ಲ ಕೂಡಿಸಿದರೆ ಆ ತಳಿಗೆ ನಿಮ್ಮಲ್ಲಿ ಎಷ್ಟು ಶಾಖದ ಮೊತ್ತ ಬೇಕು ಎಂದು ಸಿಗುತ್ತದೆ.

ಆ ಮೊತ್ತ 900 ಬಂತು ಎಂದಿಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಹಗಲು 27, ರಾತ್ರಿ 15 ಇದ್ದರೆ ಸರಾಸರಿ 21, ದಿನಕ್ಕೆ 16 ಸೇರುತ್ತದೆ, 56 ದಿನ ಬೇಕು. ಫೆಬ್ರವರಿ 5ಕ್ಕೆ ಕೊಯ್ಲಾಗಬೇಕಾದರೆ ಡಿಸೆಂಬರ್ 11ಕ್ಕೆ ಕತ್ತರಿಸಬೇಕು. ನಡುವೆ ಒಂದು ತಿಂಗಳು ಸರಾಸರಿ ಎರಡು ಡಿಗ್ರಿ ಕುಸಿದರೆ 60 ಅಂಕ ಕೊರತೆ, ಅಂದರೆ ನಾಲ್ಕು ದಿನ ತಡ. ರಫ್ತು ಹೂವಿಗೆ ನಾಲ್ಕು ದಿನ ತಡವೆಂದರೆ ವಿಮಾನ ತಪ್ಪಿದಂತೆಯೇ. ಅದಕ್ಕೇ ಇಡೀ ಮಡಿಯನ್ನು ಒಂದೇ ದಿನ ಕತ್ತರಿಸದೆ ಡಿಸೆಂಬರ್ 7, 11, 15 ಎಂದು ಮೂರು ಪಾಲು ಮಾಡಿ, ಜನವರಿ ಮಧ್ಯದಲ್ಲಿ ಮೊತ್ತ ನೋಡಿ. ಹಿಂದೆ ಬಿದ್ದಿದ್ದರೆ ಕರ್ಟನ್ ಅರ್ಧ ಗಂಟೆ ಮೊದಲು ಮುಚ್ಚಿ, ಮುಂದೆ ಓಡುತ್ತಿದ್ದರೆ ತಡವಾಗಿ ಮುಚ್ಚಿ. ಈ ಲೆಕ್ಕ ಕಡು ಬೇಸಿಗೆಗೆ ಹೊಂದುವುದಿಲ್ಲ. ಹಗಲು 30 ಡಿಗ್ರಿ ದಾಟಿದ ಮೇಲೆ ಏರಿದ ಪ್ರತಿ ಡಿಗ್ರಿಯೂ ಬೆಳವಣಿಗೆಯಾಗುವುದಿಲ್ಲ.

ಬೇರೆ ಹೂವುಗಳು

ಕಾರ್ನೇಷನ್‌ಗೆ ರಾತ್ರಿ 10–15, ಹಗಲು 18–24 ಬೇಕು. ಅದಕ್ಕಿಂತ ಮುಖ್ಯ, ಹಗಲು–ರಾತ್ರಿಯ ಅಂತರ ದಿಢೀರನೆ ಹೆಚ್ಚಬಾರದು. ಅಂತರ ಹೆಚ್ಚಿದಾಗ, ಇಲ್ಲವೆ ರಾತ್ರಿ 10ಕ್ಕಿಂತ ಕೆಳಗಿಳಿದಾಗ, ಒಳಗೆ ಎಸಳು ಹೆಚ್ಚಾಗಿ ಹುಟ್ಟಿ ಹಸಿರು ಪುಷ್ಪಪಾತ್ರೆ ಅದನ್ನು ಹಿಡಿದಿಡಲಾರದೆ ಒಂದು ಬದಿಗೆ ಸೀಳುತ್ತದೆ. ಎಸಳು ಸೀಳಿನಿಂದ ಹೊರಗೆ ಜೋತುಬಿದ್ದು ಹೂವು ಓರೆಯಾಗುತ್ತದೆ, ಬೆಲೆ ಅರ್ಧವಾಗುತ್ತದೆ. ಮೊಗ್ಗಿನ ತುದಿಯಲ್ಲಿ ಬಣ್ಣ ಇಣುಕುವ ಮೊದಲೇ ಸಣ್ಣ ರಬ್ಬರ್ ಬ್ಯಾಂಡ್ ತೊಡಿಸುವುದು ತೇಪೆ ಕೆಲಸವಾದರೂ ಫಲ ಕೊಡುತ್ತದೆ. ಬೋರಾನ್ ಕೊರತೆಯಲ್ಲೂ ಸೀಳುವುದರಿಂದ ಎಲೆ ಪರೀಕ್ಷೆ ಮಾಡಿಸಿ ನೋಡಿ.

ಸೇವಂತಿಗೆ ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟುವ ಗಿಡ. ಬೇಸಿಗೆಯಲ್ಲಿ ಹೂ ಬರಿಸಲು ಕಪ್ಪು ಪರದೆ ಮುಚ್ಚುವವರು ಸಂಜೆ 5ಕ್ಕೇ ಎಳೆದುಬಿಡುತ್ತಾರೆ, ಒಳಗೆ ಬಿಸಿ ಸಿಕ್ಕಿಬೀಳುತ್ತದೆ, ಮೊಗ್ಗು ಅಲ್ಲೇ ತಡೆದು ನಿಲ್ಲುತ್ತದೆ, ಕೊಯ್ಲು ವಾರಗಟ್ಟಲೆ ಮುಂದೆ ಹೋಗುತ್ತದೆ. ಸಂಜೆ 7ಕ್ಕೆ ಎಳೆದು ಬೆಳಿಗ್ಗೆ 8ಕ್ಕೆ ತೆಗೆಯಿರಿ. ಕತ್ತಲು ಸಾಕಷ್ಟಾಗುತ್ತದೆ, ಸೆಕೆ ತಪ್ಪುತ್ತದೆ. ಬಿಳಿ ಸೇವಂತಿಗೆ ಚಳಿಯಲ್ಲಿ ಗುಲಾಬಿ ಛಾಯೆಗೆ ತಿರುಗಿದರೆ ಅದು ರೋಗವಲ್ಲ, ಅದೇ ಆಂಥೋಸಯನಿನ್. ಹೂವು ಗಿಡದಲ್ಲೇ ಹಳತಾಗಲು ಬಿಡದೆ ಎರಡು ದಿನ ಮುಂಚೆ ಕೊಯ್ದರೆ ಸಾಕು.

ಜರ್ಬೆರಾ ರಾತ್ರಿ 12ಕ್ಕಿಂತ ಕೆಳಗೆ ಹೂ ಬಿಡಲು ಹಿಂದೇಟು ಹಾಕುತ್ತದೆ, ಹಗಲು 35 ದಾಟಿದರೆ ದಂಟು ಗಿಡ್ಡ, ಹೂವು ಸಣ್ಣ.

ಮಲ್ಲಿಗೆ, ಕನಕಾಂಬರಕ್ಕೆ ಈ ಮಾತುಗಳೆಲ್ಲ ತಲೆಕೆಳಗು. ಇವು ಸೆಕೆಯ ಹೂವುಗಳು. ಉಡುಪಿ ಮಲ್ಲಿಗೆಗೆ ಕರಾವಳಿಯ ಬೆಚ್ಚನೆಯ ರಾತ್ರಿಯೇ ಬೇಕು, ಹಡಗಲಿ ಮಲ್ಲಿಗೆ ಬಯಲುಸೀಮೆಯ ಒಣ ಬಿಸಿಲಲ್ಲಿ ಮೈತುಂಬ ಬಿಡುತ್ತದೆ. ಬೆಂಗಳೂರಿನ ತಾರಸಿಯ ಕುಂಡದಲ್ಲಿ ಡಿಸೆಂಬರ್‌ನಲ್ಲಿ ಮಲ್ಲಿಗೆ ಬಿಡಲಿಲ್ಲವೆಂದು ಗೊಬ್ಬರ ಸುರಿಯಬೇಡಿ. ಚಳಿಯ ಹೊತ್ತಿಗೆ ಸವರಿ, ನೀರು ಕಡಿಮೆ ಮಾಡಿ, ಗೋಡೆಯ ಬಿಸಿ ತಾಗುವ ಕಡೆಗೆ ಸರಿಸಿಡಿ. ಫೆಬ್ರವರಿಯ ಬಿಸಿಲಿಗೆ ಚಿಗುರೊಡೆದು ಮೊಗ್ಗು ತರುತ್ತದೆ.

ಕೊಯ್ದ ಮೇಲೆ

ಕೊಯ್ದ ಹೂವೂ ಉಸಿರಾಡುತ್ತದೆ, ತಾಪದ ಲೆಕ್ಕ ಅಲ್ಲೂ ಅದೇ. ಬೇಸಿಗೆಯಲ್ಲಿ ಬೆಳಿಗ್ಗೆ 9ರ ಒಳಗೊಮ್ಮೆ, ಸಂಜೆ ಇಳಿಹೊತ್ತಿನಲ್ಲಿ ಇನ್ನೊಮ್ಮೆ ಕೊಯ್ಲು ಮಾಡಿ. ಚಳಿಗಾಲದಲ್ಲಿ ಒಂದೆರಡು ಎಸಳು ಸಡಿಲಾದ ಹಂತದಲ್ಲಿ ಕೊಯ್ಯುವ ತಳಿಯನ್ನು ಬೇಸಿಗೆಯಲ್ಲಿ ಇನ್ನಷ್ಟು ಬಿಗಿ ಇರುವಾಗಲೇ ಕೊಯ್ಯಿರಿ. ದಾರಿಯಲ್ಲಿ ಅದು ಬೇಗ ತೆರೆದುಕೊಳ್ಳುತ್ತದೆ. ಚಳಿಯಲ್ಲಿ ತೀರ ಬಿಗಿಯಾಗಿ ಕೊಯ್ದರೆ ಮೊಗ್ಗು ಅರಳದೆ ಕತ್ತು ಬಾಗಿಸುತ್ತದೆ.

ಬಕೆಟ್ಟು ಸಾಲಿನ ತುದಿಯಲ್ಲೇ ಇರಲಿ, ಕತ್ತರಿಸಿದ ಕಡ್ಡಿ ತಕ್ಷಣ ನೀರಿಗಿಳಿಯಲಿ. ಸಿಟ್ರಿಕ್ ಆಮ್ಲದಿಂದ ನೀರಿನ ಪಿಎಚ್ (ಹುಳಿಯ ಅಳತೆ; ಹುಳಿ ಹೆಚ್ಚಾದಷ್ಟೂ ಅಂಕಿ ಕಡಿಮೆ) 3.5ರಿಂದ 4.5ಕ್ಕೆ ತಂದು ಪಿಎಚ್ ಪಟ್ಟಿಯಿಂದ ಪರೀಕ್ಷಿಸಿ. ಗಡಸು ನೀರಿಗೆ ಆಮ್ಲ ಹೆಚ್ಚು ಹಿಡಿಯುತ್ತದೆ. ಕೋಲ್ಡ್ ರೂಮಿನಲ್ಲಿ 2ರಿಂದ 4 ಡಿಗ್ರಿಯಲ್ಲಿ ನಾಲ್ಕರಿಂದ ಆರು ಗಂಟೆ ನಿಲ್ಲಿಸಿದ ಮೇಲೆ ಗ್ರೇಡಿಂಗ್. ಕೆಂಪು ಹೂವು ಗ್ರಾಹಕರ ಕೈ ಸೇರುವಷ್ಟರಲ್ಲಿ ನೀಲಿಗೆ ತಿರುಗಿದೆ ಎಂದು ದೂರು ಬಂದರೆ ತೋಟದಲ್ಲಿ ಹುಡುಕಬೇಡಿ, ಸಾಗಾಟದ ದಾರಿಯಲ್ಲಿ ಹುಡುಕಿ. ಹೂವು ಮುಪ್ಪಾದಂತೆ ಎಸಳಿನ ರಸದ ಪಿಎಚ್ ಏರಿ ಕೆಂಪು ನೀಲಿಯತ್ತ ಜಾರುತ್ತದೆ, ಬಿಸಿ ವಾಹನದಲ್ಲಿ ಆ ಮುಪ್ಪು ಒಂದೇ ದಿನದಲ್ಲಿ ಬರುತ್ತದೆ.

ಗುಲಾಬಿಯ ಕೋಲ್ಡ್ ರೂಮಿನಲ್ಲೇ ಆಂಥೂರಿಯಂ, ಆರ್ಕಿಡ್ ಇಡುವವರಿದ್ದಾರೆ. ಉಷ್ಣವಲಯದ ಈ ಹೂವುಗಳಿಗೆ 2 ಡಿಗ್ರಿ ಚಳಿ ಸುಡುಗಾಯವಿದ್ದಂತೆ. ಹೊರತೆಗೆದ ಮೇಲೆ ಎಸಳು ಕಂದಾಗಿ ಕಪ್ಪಿಡುತ್ತದೆ. ಅವಕ್ಕೆ 13 ಡಿಗ್ರಿಯ ಬೇರೆ ಕೋಣೆ ಬೇಕು. ಅದಿಲ್ಲದಿದ್ದರೆ ಪ್ಯಾಕಿಂಗ್ ಶೆಡ್ಡಿನ ನೆರಳಲ್ಲಿ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ ಅದೇ ದಿನ ಕಳಿಸಿಬಿಡಿ.